ಉಕ್ಕಿನ ಬೆರಳು, ತಂಗಿಯ ಬೆರಳು

ನನ್ನ ಕೆಲಸ ಏನೆಂದು ಕೇಳಿದವರಿಗೆ ಕೀಬೋರ್ಡ್ ಪರೀಕ್ಷೆ ಮಾಡುತ್ತೇನೆ ಎನ್ನುತ್ತೇನೆ. ಅವರು, ಅದು ಸರಿ, ಹೊಟ್ಟೆಪಾಡಿಗೆ ಏನು ಮಾಡುತ್ತೀರಿ ಎಂದು ಮತ್ತೆ ಕೇಳುತ್ತಾರೆ. ಹೊಟ್ಟೆಪಾಡೇ ಅದು. ಕಂಪ್ಯೂಟರಿನಲ್ಲಿ ಆಟ ಆಡುವವರಿಗೆಂದೇ ತಯಾರಾಗುವ ಕೀಬೋರ್ಡುಗಳನ್ನು ಪಕ್ಕಪಕ್ಕದಲ್ಲಿಟ್ಟು, ಯಾವುದು ಒತ್ತಿದ ತಕ್ಷಣ ಓಗೊಡುತ್ತದೆ, ಯಾವುದು ಆಕಳಿಸಿ ಮೈಮುರಿದು ಏಳುತ್ತದೆ ಎಂದು ಅಳೆದು ಒಂದು ಪತ್ರಿಕೆಗೆ ಬರೆಯುತ್ತೇನೆ. ಓದುವವರಿದ್ದಾರೆ. ಓದಿ ನನ್ನ ಜನ್ಮ ಜಾಲಾಡುವವರೂ ಇದ್ದಾರೆ.

ಈ ಕಸುಬಿನಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು ಪೋಲಿಂಗ್ ರೇಟ್. ಯಾರಾದರೂ ಏನಾದರೂ ಒತ್ತಿದರಾ ಎಂದು ಕಂಪ್ಯೂಟರು ಕೀಬೋರ್ಡನ್ನು ಸೆಕೆಂಡಿಗೆ ಎಷ್ಟು ಸಲ ವಿಚಾರಿಸುತ್ತದೆ ಎನ್ನುವ ಲೆಕ್ಕ ಅದು. ಕಚೇರಿಯ ಸಾದಾ ಕೀಬೋರ್ಡನ್ನು ನೂರಿಪ್ಪತ್ತೈದು ಸಲ ವಿಚಾರಿಸಿದರೆ ಆಟದ ಕೀಬೋರ್ಡನ್ನು ಸಾವಿರ ಸಲ ವಿಚಾರಿಸುತ್ತದೆ. ಈಗ ಎಂಟು ಸಾವಿರದವು ಬಂದಿವೆ. ಡಬ್ಬದ ಮೇಲೆ ಆ ಸಂಖ್ಯೆಯನ್ನು ಎಷ್ಟು ದಪ್ಪಗೆ ಅಚ್ಚು ಹಾಕಿರುತ್ತಾರೆಂದರೆ ಒಳಗೆ ಏನಿದೆ ಎಂದು ಬರೆಯಲು ಜಾಗವೇ ಉಳಿದಿರುವುದಿಲ್ಲ. ಸಾವಿರಕ್ಕೂ ಎಂಟು ಸಾವಿರಕ್ಕೂ ನಡುವೆ ಸಿಗುವ ಲಾಭ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಒಮ್ಮೆ ಇದನ್ನೆಲ್ಲ ಅಮ್ಮನಿಗೆ ಬಿಡಿಸಿ ಹೇಳಿದೆ. ಅವಳು ತಟ್ಟೆಯಿಂದ ತಲೆ ಎತ್ತದೆ, "ಅಡುಗೆ ಆಯ್ತಾ, ಅಡುಗೆ ಆಯ್ತಾ ಅಂತ ನೀನು ಅಡುಗೆಮನೆಗೆ ಬರ್ತೀಯಲ್ಲ, ಹಾಗೆ. ಎಷ್ಟು ಸಲ ಕೇಳಿದ್ರೂ ಒಲೆ ಮೇಲಿರೋದು ಬೇಯೋ ಹೊತ್ತಿಗೇ ಬೇಯೋದು" ಎಂದಳು. ನನ್ನ ಲೇಖನಗಳ ಸಾರಾಂಶವೂ ಹೆಚ್ಚುಕಡಿಮೆ ಅಷ್ಟೇ.

ಅಮ್ಮ ಕಾರು ಕಲಿಸುವವಳು. ಎರಡು ಜೊತೆ ಪೆಡಲ್ ಇರುವ ಒಂದು ಕೆಂಪು ಕಾರು, ಅದರ ನೆತ್ತಿಯ ಮೇಲೊಂದು ಫಲಕ, ಅಷ್ಟೇ ಅವಳ ಶಾಲೆ. ಅವಳ ದೃಷ್ಟಿಯಲ್ಲಿ ತನ್ನ ಇಬ್ಬರು ಮಕ್ಕಳೂ ಗುಂಡಿ ಒತ್ತಿ ಸಂಬಳ ತರುವವರು. ನಾನು ಒತ್ತಿ ಅಳೆಯುತ್ತೇನೆ, ತಂಗಿ ಒತ್ತಿ ಆಡುತ್ತಾಳೆ. ತಂಗಿ ಐದು ಜನರ ಒಂದು ಟೀಮಿನಲ್ಲಿದ್ದಾಳೆ. ಎರಡು ಟೀಮುಗಳು ಒಂದು ಕಟ್ಟಡದೊಳಗೆ ಒಬ್ಬರನ್ನೊಬ್ಬರು ಬೇಟೆಯಾಡುವ ಆಟ. ನಾಲ್ವರು ಓಡುತ್ತಾರೆ. ತಂಗಿಯದು ಕಾಯುವ ಕೆಲಸ. ಗೋಡೆಯ ಮರೆಯಲ್ಲಿ ಉಸಿರು ಬಿಗಿಹಿಡಿದು ನಿಂತು, ಎದುರಾಳಿ ಬಾಗಿಲು ದಾಟಿದ ಕ್ಷಣದಲ್ಲಿ ಕೀ ಒತ್ತಿ ಹೊರಗೆ ಬಂದು ಹೊಡೆಯಬೇಕು. ಅದರಲ್ಲಿ ಅವಳದು ಎತ್ತಿದ ಕೈ ಎಂದು ಎಲ್ಲರೂ ಹೇಳುತ್ತಿದ್ದರು, ಹೋದ ವರ್ಷದವರೆಗೆ.

ಹೋದ ವರ್ಷದ ಕೊನೆಯ ಪಂದ್ಯದಲ್ಲಿ ಅವಳು ಗೋಡೆಯ ಮರೆಯಿಂದ ಮುಂಚೆಯೇ ಹೊರಗೆ ಬಂದುಬಿಟ್ಟಳು. ಬಾಗಿಲಲ್ಲಿ ಇನ್ನೂ ಯಾರೂ ಇರಲಿಲ್ಲ. ಅವಳ ಅಡಗುತಾಣ ಬಯಲಾಯಿತು, ಟೀಮು ಸೋತಿತು. ನೋಡಿದವರೆಲ್ಲ, ಗಾಬರಿಯಾಗಿ ಒತ್ತಿದಳು, ಎಂದರು. ಅಂದಿನಿಂದ ಅವಳ ಹೆಸರು ಅವಸರಮ್ಮ. ತಮಾಷೆ ಏನೆಂದರೆ, ಅದಾದ ಮೇಲೆ ಅವಸರಮ್ಮ ದಿನದಿನಕ್ಕೂ ನಿಧಾನವಾಗುತ್ತ ಹೋದಳು. ಎದುರಾಳಿ ಬಾಗಿಲು ದಾಟುತ್ತಾನೆ, ಇವಳು ಹೊರಗೆ ಬರುವಷ್ಟರಲ್ಲಿ ಅವನೇ ಹೊಡೆದಿರುತ್ತಾನೆ. ಕೂದಲೆಳೆಯಷ್ಟು ತಡ. ಆದರೆ ಈ ಆಟದಲ್ಲಿ ಕೂದಲೆಳೆಯೇ ಹಗ್ಗ.

ತಂಗಿ ಇದಕ್ಕೆ ಕೀಬೋರ್ಡೇ ಕಾರಣ ಎಂದಳು. ಆ ಸೋಲಿಗೆ ಸ್ವಲ್ಪ ಮುಂಚೆ ಟೀಮಿಗೆಲ್ಲ ಹೊಸ ಕೀಬೋರ್ಡು ಬಂದಿತ್ತು, ಎಂಟು ಸಾವಿರದ್ದು. ಅದರಲ್ಲೇನೋ ತಡವಿದೆ, ಒತ್ತಿದ್ದು ತಕ್ಷಣ ಹೋಗುತ್ತಿಲ್ಲ ಎಂದು ಅವಳು ಪಟ್ಟು ಹಿಡಿದಳು. ಕೋಚ್ ಹಿಂದೆ ತಾನೂ ಆಡಿದವನು, ಕೆಟ್ಟವನಲ್ಲ, ಆದರೆ ಯಂತ್ರದ ಮೇಲೆ ತಪ್ಪು ಹೊರಿಸುವವರನ್ನು ಕಂಡರೆ ಅವನಿಗೆ ಆಗುವುದಿಲ್ಲ. ನಿಮ್ಮಣ್ಣನ ಕಸುಬೇ ಅದಲ್ಲವೇ, ಅವರಿಂದಲೇ ಅಳೆಸಿಕೊಂಡು ಬಾ ಎಂದನಂತೆ. ಕೀಬೋರ್ಡು ನಿಧಾನವಿದ್ದರೆ ಬದಲಾಯಿಸೋಣ. ಇಲ್ಲದಿದ್ದರೆ ಭಾನುವಾರದ ಪಂದ್ಯದಲ್ಲಿ ನಿನ್ನ ಜಾಗದಲ್ಲಿ ಬೇರೆ ಹುಡುಗಿ ಕೂರುತ್ತಾಳೆ ಎಂದೂ ಹೇಳಿದನಂತೆ. ಒಂದು ಸಲ ಆ ಕುರ್ಚಿ ಬಿಟ್ಟವರು ಮತ್ತೆ ಕೂತದ್ದನ್ನು ನಾನಂತೂ ನೋಡಿಲ್ಲ, ತಂಗಿಯೂ ನೋಡಿಲ್ಲ.

ಹೀಗಾಗಿ ಒಂದು ಮಧ್ಯಾಹ್ನ ಅವಳು ಆ ಕೀಬೋರ್ಡನ್ನು ಟವೆಲಿನಲ್ಲಿ ಸುತ್ತಿಕೊಂಡು ನನ್ನ ಕೆಲಸದ ಕೋಣೆಗೆ ಬಂದಳು. ಕೋಣೆ ಎಂದರೆ ಒಂದು ಮೇಜು, ಒಂದು ಕಿಟಕಿ, ಗೋಡೆಗೆ ಒರಗಿದ ಡಬ್ಬಗಳ ರಾಶಿ. ಗೋಡೆಯಾಚೆ ಹಲ್ಲಿನ ವೈದ್ಯರೊಬ್ಬರಿದ್ದಾರೆ. ಅವರ ಯಂತ್ರ ಗುಂಯ್ ಎಂದಾಗಲೆಲ್ಲ ನನ್ನ ಮೇಜು ನಡುಗಿ ಅಳತೆ ಕೆಡುತ್ತದೆ. ಅದಕ್ಕೇ ಅವರು ಊಟಕ್ಕೆ ಎದ್ದಾಗ ಮಾತ್ರ ನಾನು ಅಳೆಯುವುದು. ಪತ್ರಿಕೆಯ ಓದುಗರಿಗೆ ಈ ಗುಟ್ಟು ತಿಳಿಯದು.

ನನ್ನ ಮುಖ್ಯ ಸಲಕರಣೆ ಒಂದು ಉಕ್ಕಿನ ಬೆರಳು. ತುದಿಗೆ ರಬ್ಬರು ಮೆತ್ತಿದ ಸಣ್ಣ ಕಡ್ಡಿ, ಕೀ ಮೇಲೆ ನೆಟ್ಟಗೆ ಇಳಿಯುತ್ತದೆ. ನಮ್ಮಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ ಇದೆ. ಬೆರಳು ಮೊದಲು ಕೀಗೆ ತಾಗಿಯೂ ತಾಗದಂತೆ ಬಂದು ನಿಲ್ಲಬೇಕು. ಅಲ್ಲಿಂದ ಲೆಕ್ಕ ಶುರು. ಅದು ಕೆಳಗಿಳಿದು, ಸ್ಕ್ರೀನಿನ ಮೇಲೆ ಬಿಳಿ ಚೌಕ ಮೂಡುವವರೆಗಿನ ಹೊತ್ತನ್ನು ಅಳೆಯುತ್ತೇವೆ. ಈ ಪದ್ಧತಿಯನ್ನು ತಪ್ಪಿಸಿದವರ ಮೇಲೆ ನಾನು ಸಿಕ್ಕಾಪಟ್ಟೆ ರೇಗುತ್ತೇನೆ. ಎಲ್ಲರೂ ಒಂದೇ ಗೆರೆಯಿಂದ ಓಡದಿದ್ದರೆ ಓಟದ ಸ್ಪರ್ಧೆಗೆ ಅರ್ಥವೇನು?

ವೈದ್ಯರು ಊಟಕ್ಕೆ ಎದ್ದರು. ಮೂರು ಕೀಬೋರ್ಡುಗಳನ್ನು ಸಾಲಾಗಿ ಇಟ್ಟೆ. ತಂಗಿಯ ಎಂಟು ಸಾವಿರದ್ದು, ಅವಳ ಹಳೆಯ ಸಾವಿರದ್ದು, ನಾನು ಲೇಖನ ಟೈಪು ಮಾಡುವ, ಅಕ್ಷರ ಅಳಿಸಿಹೋದ ಕಚೇರಿಯದ್ದು. ಉಕ್ಕಿನ ಬೆರಳು ಒಂದೊಂದನ್ನೂ ಬೇಸರವಿಲ್ಲದೆ ಕುಟ್ಟಿತು. ಫಲಿತಾಂಶ ನಾನು ಅಂದುಕೊಂಡದ್ದೇ. ಹೊಸದು ಎಲ್ಲಕ್ಕಿಂತ ಚುರುಕು. ಹಳೆಯದು ಅದರ ಬೆನ್ನಿಗೇ ಇತ್ತು. ಕಚೇರಿಯದ್ದು ಮಾತ್ರ ಕಾಲೆಳೆದುಕೊಂಡು ಬಂತು. ತಂಗಿಯ ಕೀಬೋರ್ಡಿನಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ.

ತಂಗಿ ಸ್ಕ್ರೀನಿನ ಅಂಕಿಗಳನ್ನು ಇನ್ನೊಮ್ಮೆ ಓದಿದಳು. ಆಮೇಲೆ, "ನಿಧಾನ ಇದೆ ಅಂತ ಬರೆದುಬಿಡು ಅಣ್ಣ. ಯಾರು ಬಂದು ನೋಡ್ತಾರೆ?" ಎಂದಳು.

ನನಗೆ ಮೂಗಿನ ತುದಿಯಲ್ಲೇ ಕೋಪ, ಅದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಈ ಕೆಲಸದಲ್ಲಿ ನನಗಿರುವುದು ಒಂದೇ ಒಂದು ಮರ್ಯಾದೆ, ಅಳೆದದ್ದನ್ನು ಅಳೆದಂತೆ ಬರೆಯುವುದು, ಅದನ್ನೂ ನಿನ್ನ ಆಟಕ್ಕೆ ಗಾಳಿಗೆ ತೂರಬೇಕಾ ಎಂದು ಕೂಗಾಡಿದೆ. ಕೈಲಾಗದಿದ್ದರೆ ಕೈಲಾಗದು ಎಂದು ಒಪ್ಪಿಕೋ ಎಂದೂ ಹೇಳಿದೆ. ಆ ಮಾತು ಬೇಕಿರಲಿಲ್ಲ. ಅವಳು ಅಳಲಿಲ್ಲ, ಮುಖ ಊದಿಸಿಕೊಳ್ಳಲೂ ಇಲ್ಲ. ಉಕ್ಕಿನ ಬೆರಳನ್ನು ಪಕ್ಕಕ್ಕೆ ಸರಿಸಿ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡಳು.

"ಹಾಗಾದ್ರೆ ನನ್ನನ್ನೇ ಅಳೆ."

ಅಳೆದೆ. ಇದು ಬೇರೆ ಬಗೆಯ ಪರೀಕ್ಷೆ. ಸ್ಕ್ರೀನಿನಲ್ಲಿ ಹಸಿರು ಬೆಳಕು ಬಂದ ಕೂಡಲೇ ಅವಳು ಒತ್ತಬೇಕು. ಮೂರೂ ಕೀಬೋರ್ಡುಗಳಲ್ಲಿ ಒತ್ತಿಸಿದೆ. ಬಂದ ಉತ್ತರ ನೋಡಿ ನನಗೆ ತಲೆ ಚಿಟ್ಟು ಹಿಡಿಯಿತು. ಕಚೇರಿಯ ಕೀಬೋರ್ಡಿನಲ್ಲಿ ತಂಗಿ ಮಿಂಚಿನಂತೆ ಒತ್ತಿದ್ದಳು, ಅವಳ ಹಳೆಯ ಕೀರ್ತಿಗೆ ತಕ್ಕಂತೆ. ಹಳೆಯದರಲ್ಲಿ ಸ್ವಲ್ಪ ತಡ. ಎಲ್ಲಕ್ಕಿಂತ ಚುರುಕಾದ ಹೊಸದರಲ್ಲಿ ಎಲ್ಲಕ್ಕಿಂತ ತಡ. ಹೀಗೆ ಆಗಲು ಸಾಧ್ಯವೇ ಇಲ್ಲ. ತಂತಿ ಬದಲಿಸಿದೆ, ಕಂಪ್ಯೂಟರು ಬದಲಿಸಿದೆ, ಕುರ್ಚಿಯನ್ನೂ ಬದಲಿಸಿದೆ. ಉತ್ತರ ಬದಲಾಗಲಿಲ್ಲ. ಗೋಡೆಯಾಚೆ ವೈದ್ಯರ ಯಂತ್ರ ಶುರುವಾಯಿತು. ನಡುಗಿದರೆ ನಡುಗಲಿ ಎಂದು ನಾನು ಮುಂದುವರಿಸಿದೆ, ಇಷ್ಟು ವರ್ಷದಲ್ಲಿ ಮೊದಲ ಸಲ.

ಕೊನೆಗೆ ಕ್ಯಾಮೆರಾ ತೆಗೆದೆ. ಓಡುವುದನ್ನು ತೆವಳುವಂತೆ ತೋರಿಸುವ ಕ್ಯಾಮೆರಾ ಅದು. ಅದನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಅವಳ ಕೈಯನ್ನು ಪಕ್ಕದಿಂದ ಚಿತ್ರೀಕರಿಸಿದೆ. ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಿದೆವು.

ಕಚೇರಿಯ ಕೀಬೋರ್ಡಿನ ಮೇಲೆ ಅವಳ ಬೆರಳು ಮಲಗಿತ್ತು. ಬೆಳಕು ಬಂದಾಗ ಮಲಗಿದ್ದಲ್ಲಿಂದಲೇ ಒತ್ತಿತು. ಅವಳ ಹಳೆಯದರ ಮೇಲೆ ಕೊಂಚ ಎದ್ದಿತ್ತು. ಹೊಸದರ ಮೇಲೆ ಬೆರಳು ಕೀಯನ್ನು ಮುಟ್ಟಿಯೇ ಇರಲಿಲ್ಲ. ಕಾದ ಹಂಚಿನ ಮೇಲೆ ಹಿಡಿದ ಹಾಗೆ ಗಾಳಿಯಲ್ಲಿ ನಿಂತಿತ್ತು. ಬೆಳಕು ಬಂದಾಗ ಆ ಎತ್ತರದಿಂದ ಇಳಿದುಬರಬೇಕು. ಕೀಗೆ ತಾಗಿದ ಮೇಲೆ ಕೀಬೋರ್ಡು ಒಂದಿಷ್ಟೂ ತಡಮಾಡಿರಲಿಲ್ಲ. ತಡವೆಲ್ಲ ಗಾಳಿಯಲ್ಲೇ ಆಗುತ್ತಿತ್ತು. ತಾಗಿದ ಮೇಲೆ ಲೆಕ್ಕ ಶುರುಮಾಡುವ ನನ್ನ ಪದ್ಧತಿಗೆ ಅದು ಕಾಣುವಂತೆಯೇ ಇರಲಿಲ್ಲ.

ಯಾಕೆ ಎತ್ತಿಹಿಡಿದಿದ್ದೀಯ ಎಂದು ಕೇಳಿದೆ. ಎತ್ತಿಹಿಡಿದಿದ್ದೇನೆ ಎಂದೇ ಅವಳಿಗೆ ಗೊತ್ತಿರಲಿಲ್ಲ. ತನ್ನ ಕೈಯನ್ನು ಬೇರೆಯವರ ಕೈ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಯಾವಾಗಿನಿಂದ ಹೀಗೆ ಎಂದು ಕೇಳಿದಾಗ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

"ಆವತ್ತು ನಾನು ಒತ್ತಲಿಲ್ಲ ಅಣ್ಣ," ಎಂದಳು.

ಆವತ್ತು ಎಂದರೆ ಆ ಕೊನೆಯ ಪಂದ್ಯ. ಗೋಡೆಯ ಮರೆಯಲ್ಲಿ ನಿಂತಿದ್ದಳಂತೆ, ಬೆರಳು ಕೀ ಮೇಲಿತ್ತಂತೆ, ಯಾವಾಗಲೂ ಇರುವ ಹಾಗೆ. ತಾನು ಒತ್ತಲಿಲ್ಲ, ಆದರೂ ಸ್ಕ್ರೀನಿನಲ್ಲಿದ್ದವಳು ಹೊರಗೆ ಹೆಜ್ಜೆ ಇಟ್ಟುಬಿಟ್ಟಳಂತೆ. ಇದನ್ನು ಯಾರಿಗಾದರೂ ಹೇಳಿದರೆ ನಂಬುತ್ತಾರಾ? ಒತ್ತಿದೆನೋ ಇಲ್ಲವೋ ಎಂದು ತನಗೇ ಅನುಮಾನ ಬಂದು, ಸುಮ್ಮನೆ ಬೈಗುಳ ತಿಂದೆ ಎಂದಳು. ಆ ದಿನ ಊಟಕ್ಕೆ ಕೂತಾಗ ಅವಸರಮ್ಮ ಎಂದು ನಾನೂ ಒಂದೆರಡು ಸಲ ಕರೆದು ನಕ್ಕಿದ್ದೆ. ಅವಳು ಆ ಮಾತು ಎತ್ತಲಿಲ್ಲ.

ಹೊಸ ಕೀಬೋರ್ಡಿನ ಸೆಟ್ಟಿಂಗ್ ತೆರೆದು ನೋಡಿದೆ. ಈ ತರಹದವುಗಳಲ್ಲಿ ಕೀ ಎಷ್ಟು ಇಳಿದರೆ ಒತ್ತಿದಂತೆ ಎಂದು ನಾವೇ ಗೊತ್ತುಮಾಡಬಹುದು. ಇವರ ಕೋಚ್ ಐದೂ ಕೀಬೋರ್ಡುಗಳನ್ನು ಅತಿ ಹಗುರಕ್ಕೆ ಇಟ್ಟಿದ್ದ. ಎಷ್ಟು ಹಗುರ ಇದ್ದರೆ ಅಷ್ಟು ಬೇಗ, ಅಷ್ಟೇ ಅವನ ಲೆಕ್ಕ. ಓಡುವ ನಾಲ್ವರಿಗೆ ತೊಂದರೆ ಆಗಲಿಲ್ಲ, ಅವರು ಸದಾ ಒತ್ತುತ್ತಲೇ ಇರುತ್ತಾರೆ. ಕೀ ಮೇಲೆ ಬೆರಳಿಟ್ಟು ಒತ್ತದೆ ಕಾಯುವವಳು ಇವಳೊಬ್ಬಳೇ.

ತಂಗಿಗೆ, "ಬೆರಳು ಸುಮ್ಮನೆ ಇಡು, ಒತ್ತಬೇಡ," ಎಂದೆ. ಇಟ್ಟಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಅವಳು ಉಸಿರು ಬಿಟ್ಟಳು. ಸ್ಕ್ರೀನಿನ ಮೇಲೆ ಒಂದು ಅಕ್ಷರ ಮೂಡಿತು, ಅದರ ಹಿಂದೆ ಇನ್ನೊಂದು, ಆಮೇಲೆ ಸಾಲುಸಾಲಾಗಿ. ಉಕ್ಕಿನ ಬೆರಳನ್ನು ಮೇಲಿಂದ ತೂಗುಹಾಕಿರುತ್ತೇವೆ, ಅದು ಕೀ ಮೇಲೆ ಭಾರ ಬಿಡುವುದಿಲ್ಲ. ಮನುಷ್ಯರ ಬೆರಳಿಗೆ ಭಾರ ಇರುತ್ತದೆ. ಒಂದೇ ಅಕ್ಷರ ಪುಟ ತುಂಬಿ ಕೆಳಗಿಳಿಯುವುದನ್ನು ತಂಗಿ ಕೈ ತೆಗೆಯದೆ ನೋಡುತ್ತಿದ್ದಳು. ಆಗ ಅತ್ತಳು. ನಾನು ಹೋಗಿ ನೀರು ತಂದುಕೊಟ್ಟೆ. ವೈದ್ಯರ ಯಂತ್ರ ಗುಂಯ್ಗುಡುತ್ತಲೇ ಇತ್ತು.

ಇಷ್ಟಾದ ಮೇಲೆ ಎಲ್ಲ ಸುಲಭ ಎಂದುಕೊಂಡೆ. ಕೀ ಸ್ವಲ್ಪ ಆಳಕ್ಕೆ ಇಳಿದರೇ ಒತ್ತಿದಂತೆ ಎಂದು ಸೆಟ್ಟಿಂಗ್ ಬದಲಿಸಿದೆ. ಈಗ ಬೆರಳಿಟ್ಟರೂ ಅಕ್ಷರ ಬರಲಿಲ್ಲ. ಮತ್ತೆ ಹಸಿರು ಬೆಳಕಿನ ಪರೀಕ್ಷೆ ಮಾಡಿದೆ. ಬೆಳಕಿಗಾಗಿ ಕಾಯಲು ಶುರುಮಾಡಿದ್ದೇ ತಡ, ಬೆರಳು ತಾನಾಗಿಯೇ ಗಾಳಿಗೆ ಏರಿತು. ಇಡು ಎಂದರೆ ಇಡುತ್ತಾಳೆ, ಮರೆತ ಕೂಡಲೇ ಎತ್ತುತ್ತಾಳೆ. ತಡ ಹಾಗೇ ಉಳಿಯಿತು. ಭಾನುವಾರಕ್ಕೆ ಹೆಚ್ಚು ದಿನ ಇರಲಿಲ್ಲ.

ಕೋಚ್‌ಗೆ ಇದ್ದದ್ದನ್ನು ಇದ್ದಂತೆ ಬರೆದೆ. ಕೀಬೋರ್ಡು ನಿಧಾನವಿಲ್ಲ. ಕಾಯುವವರ ಕೈಗೆ ಅದು ಅತಿ ಹಗುರ. ಆ ಪಂದ್ಯದಲ್ಲಿ ಇವಳು ಒತ್ತದೆ ಇದ್ದಿರುವ ಸಂಭವವೇ ಹೆಚ್ಚು. ಜೊತೆಗೆ ಅಕ್ಷರಗಳು ತಾವಾಗಿಯೇ ಸಾಲುಗಟ್ಟಿದ ಚಿತ್ರವನ್ನೂ ಕಳಿಸಿದೆ. ಅವನು ಫೋನು ಮಾಡಿ, ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನೇನೋ ಮಾತಾಡಿದ. ಸೆಟ್ಟಿಂಗ್ ತನ್ನದೇ ಎಂದು ಒಪ್ಪಿಕೊಳ್ಳಲು ಅವನಿಗೂ ಕಷ್ಟ. ಕೊನೆಗೆ ಒಂದು ಮಾತಿಗೆ ಬಂದ. ಭಾನುವಾರ ಮೊದಲ ಸುತ್ತಿಗೆ ತಂಗಿಯನ್ನೇ ಕೂರಿಸುತ್ತೇನೆ, ಅವಳಿಗೆ ಬೇಕಾದ ಸೆಟ್ಟಿಂಗಿನಲ್ಲೇ ಆಡಲಿ. ಆದರೂ ತಡವಾದರೆ ಎರಡನೆಯ ಸುತ್ತಿನಿಂದ ಬೇರೆ ಹುಡುಗಿ, ಆಮೇಲೆ ಯಾವ ಅಳತೆಯನ್ನೂ ನನ್ನ ಹತ್ತಿರ ತರಬೇಡಿ ಎಂದ.

ಮನೆಯಲ್ಲಿ ಅಮ್ಮನಿಗೆ ಹೇಳಬೇಕಾಯಿತು. ಕ್ಯಾಮೆರಾದ ಚಿತ್ರ ತೋರಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ಒಂದೇ ಸಲ ನೋಡಿದಳು. ಕಾರು ಒಂದು ಸಲ ಹಾರಿ ಗೋಡೆಗೆ ಮುಟ್ಟಿತು ಅಂದರೆ ಮುಗಿಯಿತು, ಆಮೇಲೆ ಆ ಜನ ಪೆಡಲ್ ಮೇಲೆ ಕಾಲು ಊರುವುದೇ ಇಲ್ಲ, ಕೊಕ್ಕರೆಯ ಹಾಗೆ ಎತ್ತಿಕೊಂಡೇ ಕೂರುತ್ತಾರೆ ಎಂದಳು. ಅಂಥವರಿಗೆ ಏನು ಮಾಡುತ್ತೀಯ ಎಂದು ತಂಗಿ ಕೇಳಿದಳು.

"ಇಂಜಿನ್ ಆಫ್ ಮಾಡಿ ಕೂರಿಸ್ತೀನಿ," ಎಂದಳು ಅಮ್ಮ. "ಕಾಲು ಇಟ್ಟರೂ ಏನೂ ಆಗಲ್ಲ ಅಂತ ಕಾಲಿಗೇ ಗೊತ್ತಾಗ್ಬೇಕು. ನಿನಗೆ ಗೊತ್ತಾಗಿ ಏನು ಬಂತು?"

ಭಾನುವಾರದವರೆಗೆ ತಂಗಿಯ ಕೀಬೋರ್ಡಿಗೆ ತಂತಿ ಇರಲಿಲ್ಲ. ಅಮ್ಮ ಅದನ್ನು ಕಿತ್ತು ತನ್ನ ಕೈಚೀಲದಲ್ಲಿ ಹಾಕಿಕೊಂಡುಬಿಟ್ಟಿದ್ದಳು. ತಂಗಿ ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳುಗಳನ್ನು ಕೀಗಳ ಮೇಲೆ ಊರಿ ಟಿವಿ ನೋಡಬೇಕು, ಫೋನಿನಲ್ಲಿ ಮಾತಾಡಬೇಕು, ಅಮ್ಮ ಪಾಠಕ್ಕೆ ಹೊರಟರೆ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಊರು ಸುತ್ತಬೇಕು. ಮುಂದೆ ಯಾರೋ ಕಲಿಯುವವರು ಕಾರನ್ನು ಎತ್ತಿ ಎತ್ತಿ ಹಾಕುತ್ತಿದ್ದರೆ, ಹಿಂದೆ ಇವಳು ಬೆರಳು ಕದಲಿಸದೆ ಕೂತಿರಬೇಕು. ಅಮ್ಮ ಕನ್ನಡಿಯಲ್ಲಿ ನೋಡುತ್ತಿದ್ದಳು. ಬೆರಳು ಎದ್ದ ಕೂಡಲೇ, ಕೊಕ್ಕರೆ, ಎನ್ನುತ್ತಿದ್ದಳು. ಮುಂದಿದ್ದ ಕಲಿಯುವವರು ತಮಗೇ ಅಂದದ್ದೆಂದು ಗಾಬರಿಯಾಗಿ ಬ್ರೇಕು ಒತ್ತುತ್ತಿದ್ದರಂತೆ. ಇದೆಲ್ಲ ಹುಚ್ಚಾಟ ಎಂದು ನನಗೆ ಅನ್ನಿಸಿತ್ತು. ಅಳೆದು ನೋಡೋಣ ಬಾ ಎಂದು ಕರೆದೆ. ಅಮ್ಮ ಒಪ್ಪಲಿಲ್ಲ. ಅಳೆದರೆ ಮತ್ತೆ ಎತ್ತುತ್ತಾಳೆ, ನಿನ್ನ ಕಡ್ಡಿ ಕೋಲು ಮೂಲೆಗಿಡು ಎಂದಳು. ಹೀಗಾಗಿ ಭಾನುವಾರ ಏನಾಗುತ್ತದೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಪಂದ್ಯ ಒಂದು ದೊಡ್ಡ ಸಭಾಂಗಣದಲ್ಲಿ. ನಾನೂ ಅಮ್ಮನೂ ನಡುವಿನ ಸಾಲಿನಲ್ಲಿ ಕೂತೆವು. ವೇದಿಕೆಯ ಮೇಲೆ ತಂಗಿ ಕೊನೆಯ ಕುರ್ಚಿಯಲ್ಲಿದ್ದಳು. ಅವಳ ಹಿಂದೆ ಕೋಚ್, ಅವನ ಪಕ್ಕದಲ್ಲಿ ಆ ಇನ್ನೊಬ್ಬ ಹುಡುಗಿ ಬೆರಳುಗಳನ್ನು ನೀವಿಕೊಳ್ಳುತ್ತ ನಿಂತಿದ್ದಳು. ಮೇಲಿನ ದೊಡ್ಡ ಪರದೆಯಲ್ಲಿ ಆಟ ಕಾಣುತ್ತಿತ್ತು. ಪರದೆಯ ಮೂಲೆಯ ಸಣ್ಣ ಚೌಕದಲ್ಲಿ ಆಗಾಗ ಆಟಗಾರರ ಕೈಗಳನ್ನು ತೋರಿಸುತ್ತಿದ್ದರು. ಹಿಂದಿನ ಸಾಲಿನಲ್ಲಿ ಯಾರೋ, ಅವಸರಮ್ಮ ಇವತ್ತೂ ಇದ್ದಾಳಲ್ಲೋ, ಎಂದು ನಕ್ಕರು. ಅಮ್ಮ ತಿರುಗಿ ಒಂದು ನೋಟ ನೋಡಿದಳು. ಆಮೇಲೆ ಆ ಕಡೆಯಿಂದ ಸದ್ದು ಬರಲಿಲ್ಲ.

ನಾಲ್ವರು ಓಡಿದರು. ಇಬ್ಬರು ಸತ್ತರು. ತಂಗಿ ಗೋಡೆಯ ಮರೆಗೆ ಬಂದು ನಿಂತಳು. ಅದೇ ಗೋಡೆಯೋ ಬೇರೆಯೋ, ನನಗೆ ಈ ಆಟದ ತಲೆಬುಡ ತಿಳಿಯದು. ಎಲ್ಲರೂ ಬಾಗಿಲನ್ನು ನೋಡುತ್ತಿದ್ದರು. ನಾನು ಮೂಲೆಯ ಚೌಕವನ್ನು ನೋಡುತ್ತಿದ್ದೆ. ಅಲ್ಲಿ ಬೇರೆ ಯಾರದೋ ಕೈಗಳಿದ್ದವು. ಅವು ಹೋಗಿ ತಂಗಿಯ ಎಡಗೈ ಬಂತು.

ಬೆರಳು ಕೀ ಮೇಲಿತ್ತು.

ಬಾಗಿಲಲ್ಲಿ ಯಾರೂ ಬರಲಿಲ್ಲ. ಇನ್ನೂ ಬರಲಿಲ್ಲ. ಸಭಾಂಗಣದಲ್ಲಿ ಕೆಮ್ಮು ಕೂಡ ಕೇಳಿಸುತ್ತಿರಲಿಲ್ಲ. ನನ್ನ ಎದೆ ಎಂಟು ಸಾವಿರ ಸಲ ಕೇಳುತ್ತಿತ್ತು, ಒತ್ತಿದಳಾ, ಒತ್ತಿದಳಾ, ಎಂದು. ತಂಗಿಯ ಭುಜ ಉಸಿರಿಗೆ ಏರಿತು, ಇಳಿಯಿತು. ಬೆರಳು ಇದ್ದಲ್ಲೇ ಇತ್ತು, ಗೋಡೆಯ ಮರೆಯಲ್ಲಿದ್ದವಳೂ ಇದ್ದಲ್ಲೇ ಇದ್ದಳು. ಅಮ್ಮ ನನ್ನ ಮೊಣಕೈ ಹಿಡಿದುಕೊಂಡಳು.

"ಕಾಲು ಊರಿದಳು ನೋಡೋ," ಎಂದಳು, ನನಗೆ ಮಾತ್ರ ಕೇಳುವ ಹಾಗೆ.

ಎದುರಾಳಿ ಬಾಗಿಲು ದಾಟಿದ. ಅವಳು ಯಾವಾಗ ಒತ್ತಿದಳೋ ನನಗೆ ಕಾಣಲಿಲ್ಲ. ಬಾಗಿಲಲ್ಲಿ ಅವನು ಬಿದ್ದಿದ್ದ, ಜನ ಎದ್ದು ಕೂಗುತ್ತಿದ್ದರು. ವೇದಿಕೆಯ ಮೇಲೆ ಆ ಇನ್ನೊಬ್ಬ ಹುಡುಗಿ ನಿಂತಲ್ಲೇ ಕೋಚ್‌ನ ಮುಖ ನೋಡಿದಳು. ಅವನು ತನ್ನ ಪಕ್ಕದಲ್ಲೇ ಅವಳಿಗೆ ಒಂದು ಕುರ್ಚಿ ಎಳೆದು ಕೊಟ್ಟು, ಕೂತುಕೋ ಎಂದು ಸನ್ನೆ ಮಾಡಿದ.